ಕೆಮಿಸ್ಟ್ರಿ ಓದುವ ಹುಡುಗಿಗೆ ಕಂಸಾಳೆ ಯಾಕೆ?

ಮಾನ್ಯರೇ, ನಮಸ್ಕಾರ.

ನಿಮ್ಮ ಪತ್ರ ಸ್ವಲ್ಪ ಖಾರವಾಗಿಯೇ ಇದೆ. ಇರಲಿ, ಕೇಳಬೇಕಾದ್ದನ್ನೇ ಕೇಳಿದ್ದೀರಿ. ಉಳಿದ ಓದುಗರಿಗೆ ವಿಷಯ ತಿಳಿಯಲಿ ಅಂತ ಅದರ ಸಾರ ಹೇಳುತ್ತೇನೆ. ನೀವು ಹುಣಸೂರು ಕಡೆಯವರು. ಮಗಳು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ಯುವಜನೋತ್ಸವಕ್ಕೆ ಅಂತ ಕಂಸಾಳೆ ತಂಡ, ಅಂದರೆ ಕಂಚಿನ ತಾಳ ಬೀಸುತ್ತ ಕುಣಿಯುವ ಜನಪದ ತಂಡ ಸೇರಿಕೊಂಡಿದ್ದಾಳೆ. ಲ್ಯಾಬ್ ಮುಗಿಸಿ ಹಾಸ್ಟೆಲಿಗೆ ಹೋಗಿ ಪುಸ್ತಕ ಹಿಡಿಯುವ ಬದಲು ದಿನಾ ಸಂಜೆ ಪ್ರಾಕ್ಟೀಸು. "ಸಂಗೀತಕ್ಕೆ ಬೇರೆ ವಿಶ್ವವಿದ್ಯಾಲಯ ಇದೆ, ಜಾನಪದಕ್ಕೂ ಬೇರೆ ಇದೆ. ಆಸೆ ಇದ್ದವರು ಅಲ್ಲಿಗೆ ಹೋಗಲಿ. ವಿಜ್ಞಾನ ಓದಲು ಬಂದವರಿಗೆ ಇದೆಲ್ಲ ಯಾಕೆ? ಇದಕ್ಕೆ ದುಡ್ಡು ಯಾಕೆ ಖರ್ಚು ಮಾಡಬೇಕು?" ಅಂತ ಕೇಳಿದ್ದೀರಿ.

ಮೈಸೂರಿನಲ್ಲೇ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ನಿಜ. ಹಾಡನ್ನೋ ಕುಣಿತವನ್ನೋ ಪದವಿಗಾಗಿ ಓದುವವರು ಅಲ್ಲಿಗೆ ಹೋಗುತ್ತಾರೆ. ಹಾಗಂತ ಉಳಿದ ವಿಶ್ವವಿದ್ಯಾಲಯಗಳು ಕಲೆಯ ಗೊಡವೆ ಬಿಟ್ಟುಬಿಡಬೇಕು ಅಂದರೆ ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಮೈಸೂರಿನಂಥ ವಿಶ್ವವಿದ್ಯಾಲಯದಲ್ಲಿ ಕಲೆ ಇರಬೇಕಾದ್ದು ಕಲೆಯನ್ನು ಪಾಠವಾಗಿ ಓದದವರಿಗಾಗಿಯೇ. ಅಂದರೆ ನಿಮ್ಮ ಮಗಳಂಥವರಿಗಾಗಿ.

ಹಳೆಯ ಸಂಗತಿ ಒಂದು ಕೇಳಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಕಾಲೇಜುಗಳಿಗೆ ವಿಷಯ ಹಂಚಿದರು. ಸಾಹಿತ್ಯ, ಚರಿತ್ರೆ ಇಂಥವೆಲ್ಲ ಮೈಸೂರಿನ ಮಹಾರಾಜ ಕಾಲೇಜಿಗೆ. ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ನಿಮ್ಮ ಲೆಕ್ಕದಲ್ಲಿ ಕನ್ನಡದ ಚಟುವಟಿಕೆಯೆಲ್ಲ ಮಹಾರಾಜ ಕಾಲೇಜಿನಲ್ಲೇ ನಡೆಯಬೇಕಿತ್ತು, ಅಲ್ವಾ? ಆದರೆ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದ್ದು ಸೆಂಟ್ರಲ್ ಕಾಲೇಜಿನಲ್ಲಿ. 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಹುಟ್ಟಿದ್ದೂ ಅಲ್ಲೇ. ಹೊಸಗನ್ನಡದ ದೊಡ್ಡ ದೊಡ್ಡವರೆಲ್ಲ ಬರೆದ ಆ ಪತ್ರಿಕೆ ಒಂದು ವಿಜ್ಞಾನ ಕಾಲೇಜಿನ ಸಂಘದ ಕೂಸು. ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡದ್ದು ಆಮೇಲೆ.

ಅದೇ ಕಾಲೇಜಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಇದ್ದರು. ಪಾಠ ಮಾಡುತ್ತಿದ್ದದ್ದು ಭೌತಶಾಸ್ತ್ರ. ಕನ್ನಡದಲ್ಲಿ ವಿಜ್ಞಾನ ಪತ್ರಿಕೆ ನಡೆಸಿದರು. ಸಾಲದ್ದಕ್ಕೆ ಪಂಪಭಾರತವನ್ನು ಸಂಪಾದಿಸಿದರು. ಇವತ್ತಿನ ಯಾವುದಾದರೂ ಫಿಸಿಕ್ಸ್ ಡಿಪಾರ್ಟ್‌ಮೆಂಟಿನಲ್ಲಿ ಒಬ್ಬರು ಪಂಪನನ್ನು ಹಿಡಿದು ಕೂತರೆ ಸುಮ್ನೆ ಬಿಡುತ್ತಾರೆಯೇ? ಪ್ರಮೋಷನ್ನಿಗೆ ಇದಕ್ಕೆಷ್ಟು ಪಾಯಿಂಟು ಅಂತ ಕೇಳುತ್ತಾರೆ. ಮುಂದೆ ಅಲ್ಲೇ ಸಸ್ಯಶಾಸ್ತ್ರ ಓದಿದ ಬಿ.ಜಿ.ಎಲ್. ಸ್ವಾಮಿ ಗಿಡಮರಗಳ ಬಗ್ಗೆ ಬರೆದೇ ಕನ್ನಡಿಗರನ್ನು ಹೊಟ್ಟೆತುಂಬ ನಗಿಸಿದರು.

ಇನ್ನು ಮಾನಸಗಂಗೋತ್ರಿ. ಆ ಹೆಸರಿಟ್ಟವರು ಕುವೆಂಪು, ಕುಲಪತಿಗಳಾಗಿದ್ದಾಗ. ಅದರ ಆವರಣದಲ್ಲೇ ಜಯಲಕ್ಷ್ಮೀ ವಿಲಾಸ ಅಂತ ಅರಮನೆ ಇದೆ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಗೆ ಕಟ್ಟಿಸಿದ್ದು. 1968ರಲ್ಲಿ ಅಲ್ಲಿ ಜಾನಪದ ವಸ್ತು ಸಂಗ್ರಹಾಲಯ ಶುರುವಾಯಿತು. ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅದಕ್ಕಾಗಿ ಊರೂರು ಅಲೆದರು. ಸೋಮನ ಕುಣಿತದ ಮುಖಗಳು, ತೊಗಲು ಗೊಂಬೆ, ಯಕ್ಷಗಾನದ ಕಿರೀಟ, ಹಳ್ಳಿ ಮನೆಯ ಅಡುಗೆ ಪಾತ್ರೆ, ಉಳುವ ಸಾಮಾನು ಎಲ್ಲ ಅಲ್ಲಿ ಬಂದು ಸೇರಿದವು. ನಾವು ಅಟ್ಟದ ಮೇಲೆ ಎಸೆದದ್ದಕ್ಕೆ ಅರಮನೆಯಲ್ಲಿ ಜಾಗ ಸಿಕ್ಕಿತು! ಆ ಕಟ್ಟಡವನ್ನು ಕಾಪಾಡಿಕೊಳ್ಳುವುದೇ ಒಂದು ದೊಡ್ಡ ಪಾಡು. ಅದನ್ನು ಬರೆಯಲು ಹೊರಟರೆ ಈ ಉತ್ತರ ಮುಗಿಯುವುದಿಲ್ಲ.

ನಿಮ್ಮ ಮಗಳ ಕಂಸಾಳೆಗೆ ಬರೋಣ. ನೀವು ಮಾದಪ್ಪನ, ಅಂದರೆ ಮಲೆ ಮಾದೇಶ್ವರನ ಸೀಮೆಯ ಪಕ್ಕದವರು, ಬೀಸು ಕಂಸಾಳೆ ನೋಡಿಯೇ ಇರುತ್ತೀರಿ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ಇನ್ನೊಂದು ತಾಳ, ಅದಕ್ಕೆ ದಾರ, ಕೊನೆಗೆ ಕುಚ್ಚು. ದಾರ ಹಿಡಿದು ಬೀಸಬೇಕು. ಬೆನ್ನ ಹಿಂದಿನಿಂದ, ತಲೆಯ ಮೇಲಿನಿಂದ ಬಂದ ತಾಳ ಸರಿಯಾಗಿ ಬಟ್ಟಲಿಗೇ ಬಡಿಯಬೇಕು. ಕಲಿಯುವಾಗ ಗುರಿ ತಪ್ಪಿದರೆ ಏಟು ಬೆರಳ ಗೆಣ್ಣಿಗೆ. ಕಾಲು ಹೆಜ್ಜೆ ಹಾಕುತ್ತಿರಬೇಕು, ಬಾಯಿ ಮಾದೇಶ್ವರನ ಪದ ಹೇಳುತ್ತಿರಬೇಕು, ಕಣ್ಣು ಪಕ್ಕದವಳ ಕೈ ಮೇಲೆ. ಅವಳೊಬ್ಬಳು ಚೂರು ಮುಂದೆ ಹೋದರೂ ಇಡೀ ಸಾಲು ಕೆಡುತ್ತದೆ. ಮೊದಲು ಇದು ಮಾದೇಶ್ವರನಿಗೆ ಹರಕೆ ಹೊತ್ತ ಭಕ್ತರಾದ ದೇವರಗುಡ್ಡರ ಕಲೆ, ಗಂಡಸರದ್ದು. ಈಗ ಕಾಲೇಜು ತಂಡಗಳಲ್ಲಿ ಹುಡುಗಿಯರೂ ಬೀಸುತ್ತಾರೆ. ವಿಶ್ವವಿದ್ಯಾಲಯದ ಅಂಗಳ ಸಿಗದಿದ್ದರೆ ಕೆಮಿಸ್ಟ್ರಿಯ ಹುಡುಗಿಯೊಬ್ಬಳ ಕೈಗೆ ಕಂಸಾಳೆ ಬರುತ್ತಿತ್ತಾ, ನೀವೇ ಹೇಳಿ.

ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಯುವಜನೋತ್ಸವ ಕೊನೆಗೂ ಸ್ಪರ್ಧೆಯೇ. ಅಂತರ ವಿಶ್ವವಿದ್ಯಾಲಯ ಮಟ್ಟದ ನಿಯಮದಲ್ಲಿ ಜನಪದ ಕುಣಿತಕ್ಕೆ 10 ನಿಮಿಷ. ಏಕಾಂಕಕ್ಕೆ 30. ರಾತ್ರಿಯೆಲ್ಲ ನಡೆಯುವ ಮಾದೇಶ್ವರನ ಕಥೆಯನ್ನು 10 ನಿಮಿಷಕ್ಕೆ ತಂದರೆ ಉಳಿಯುವುದು ಏನು? ಒಬ್ಬರ ಮೇಲೊಬ್ಬರು ಹತ್ತಿ ನಿಲ್ಲುವ ಕಸರತ್ತು, ಮಿಂಚುವ ಬಟ್ಟೆ. ಕಥೆ ಎಲ್ಲೋ ಹಿಂದೆ ಬೀಳುತ್ತದೆ. ಬಹುಮಾನ ಬಂದರೆ ಫೋಟೊ, ಬರದಿದ್ದರೆ ಮುಂದಿನ ವರ್ಷದವರೆಗೆ ಕಂಸಾಳೆ ಬೀರುವಿನಲ್ಲಿ. ನನಗೆ ಬೇಸರ ಇರುವುದು ಇಲ್ಲಿ. ಮಗಳು ಜಾಸ್ತಿ ಕುಣಿಯುತ್ತಾಳೆ ಅನ್ನುವುದು ನಿಮ್ಮ ದೂರು. ಹಬ್ಬ ಮುಗಿದ ಮಾರನೇ ದಿನ ಕುಣಿಯುವುದನ್ನು ನಿಲ್ಲಿಸುತ್ತಾಳಲ್ಲ ಅನ್ನುವುದು ನನ್ನ ದೂರು.

ಓದಿನ ಮಾತು. ಲ್ಯಾಬ್ ತಪ್ಪಿಸಿ ಪ್ರಾಕ್ಟೀಸಿಗೆ ಹೋಗುತ್ತಿದ್ದರೆ ಗದರಿ, ನಾನೂ ನಿಮ್ಮ ಕಡೆಯೇ. ಆದರೆ ಲ್ಯಾಬ್ ಮುಗಿಸಿ ಹೋಗುತ್ತಾಳೆ ಅಂತ ನೀವೇ ಬರೆದಿದ್ದೀರಿ. ಅಟೆಂಡೆನ್ಸ್, ಇಂಟರ್ನಲ್ ಮಾರ್ಕ್ಸ್ ಸರಿ ಇದೆಯಾ ಅಂತ ಒಮ್ಮೆ ವಿಚಾರಿಸಿ. ಸರಿ ಇದ್ದರೆ ಬಿಟ್ಟುಬಿಡಿ. ಸಾಧ್ಯವಾದರೆ ಒಂದು ಸಂಜೆ ಹೋಗಿ ಪ್ರಾಕ್ಟೀಸು ನೋಡಿ ಬನ್ನಿ, ಹುಣಸೂರೇನು ದೂರವಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಅಡ್ಮಿಷನ್ ರಸೀದಿ ಮನೆಯಲ್ಲಿದ್ದರೆ ತೆಗೆದು ನೋಡಿ. ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ ಅಂತ ಸಣ್ಣದೊಂದು ಬಾಬ್ತು ಸಾಮಾನ್ಯವಾಗಿ ಇರುತ್ತದೆ. ಇದ್ದರೆ ಆ ದುಡ್ಡು ನಿಮ್ಮದೇ. ಅದರಲ್ಲಿ ಎಷ್ಟು ಒಂದು ದಿನದ ಸ್ಟೇಜು, ಸೌಂಡು, ಫ್ಲೆಕ್ಸು, ಶಾಲು ಹಾರಕ್ಕೆ ಹೋಯಿತು, ಎಷ್ಟು ಮಕ್ಕಳಿಗೆ ಕಂಸಾಳೆ ಕಲಿಸುವ ಕಲಾವಿದರ ಕೈ ಸೇರಿತು ಅಂತ ವಿಶ್ವವಿದ್ಯಾಲಯವನ್ನು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಬಂದ ಉತ್ತರವನ್ನು ನಮಗೂ ಕಳಿಸಿಕೊಡಿ, ಪ್ರಕಟಿಸುತ್ತೇವೆ.

– ಸಂಪಾದಕ