ಮೂವರು ಮೂರು ಹೇಳಿದರೆ ಯಾರ ಮಾತು ಕೇಳುವುದು?

ಪ್ರಿಯ ಓದುಗರೆ,

ಮಲಗುವ ಕೋಣೆಯ ಗೋಡೆ ನಡುಮಧ್ಯದಲ್ಲಿ ಪಸೆ ಹಿಡಿದಿದೆ ಎಂದು ಬರೆದಿದ್ದೀರಿ. ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಸಾಕೆಂದು ಪೇಂಟರ್, ಗೋಡೆ ಒಡೆದು ಪೈಪ್ ಬದಲಿಸಬೇಕೆಂದು ಪ್ಲಂಬರ್, ತಾರಸಿಯದೇ ತೊಂದರೆ ಎಂದು ನಿಮ್ಮ ಭಾವ. "ಮೂವರೂ ಖಡಾಖಂಡಿತವಾಗಿ ಹೇಳುತ್ತಾರೆ, ಯಾರನ್ನು ನಂಬಲಿ?" ಎಂಬುದು ನಿಮ್ಮ ಪ್ರಶ್ನೆ.

ಆ ಖಡಾಖಂಡಿತವನ್ನು ಮೊದಲು ಲೆಕ್ಕದಿಂದ ತೆಗೆದುಬಿಡಿ. ಅದು ಮಾತಾಡುವವರ ಸ್ವಭಾವವನ್ನು ತೋರಿಸುತ್ತದೆ, ಗೋಡೆಯೊಳಗೆ ಏನಿದೆ ಎಂಬುದನ್ನಲ್ಲ. ಅನುಭವವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ತಜ್ಞರ ಅಂದಾಜನ್ನು ಅನುಮಾನಿಸುತ್ತಿದ್ದ ಡೇನಿಯಲ್ ಕಾಹ್ನೆಮನ್, ಅದನ್ನು ಮೆಚ್ಚುತ್ತಿದ್ದ ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2009ರಲ್ಲಿ ಒಟ್ಟಿಗೆ ಬರೆದ ಲೇಖನದಲ್ಲಿ ಒಂದು ವಿಷಯಕ್ಕೆ ಒಪ್ಪಿದರು: ಅನುಭವ ಪಳಗಬೇಕಾದರೆ ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ತನ್ನ ಅಂದಾಜು ಸರಿಯೋ ತಪ್ಪೋ ಎಂಬುದು ಮತ್ತೆ ಮತ್ತೆ ಗೊತ್ತಾಗುತ್ತಿರಬೇಕು. ನಾಳೆಯ ಹವಾಮಾನ ಹೇಳುವವರಿಗೆ ನಾಳೆಯೇ ಉತ್ತರ ಸಿಗುತ್ತದೆ. ಬಣ್ಣ ಹೊಡೆದು ಹೋದವರಿಗೆ ಸಿಗುವುದು ಅಪರೂಪ. ಕಲೆ ಮತ್ತೆ ಎದ್ದರೆ ನಾವು ಬೇರೆಯವರನ್ನು ಕರೆಯುತ್ತೇವಲ್ಲ!

ಆದ್ದರಿಂದ ಮೂವರಿಗೂ ಎರಡು ಪ್ರಶ್ನೆ ಹಾಕಿ. ಇಂಥದೇ ಗೋಡೆ ರಿಪೇರಿಯಾಗಿ ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದ್ದೀರಾ? ನಿಮ್ಮ ಅಂದಾಜು ತಪ್ಪಾಗಿದ್ದರೆ ಅದು ನನಗೆ ಯಾವುದರಿಂದ ಗೊತ್ತಾಗುತ್ತದೆ? ಎರಡನೆಯದಕ್ಕೆ ನೇರವಾಗಿ ಉತ್ತರ ಕೊಡುವವರ ಮಾತಿಗೆ ನಾವಂತೂ ಹೆಚ್ಚು ತೂಕ ಕೊಡುತ್ತೇವೆ, ಏಕೆಂದರೆ ಆ ಉತ್ತರದಲ್ಲೇ ಒಂದು ಪರೀಕ್ಷೆ ಇರುತ್ತದೆ.

ಪೈಪ್ ಸೋರುತ್ತಿದ್ದರೆ ಎಲ್ಲ ನಲ್ಲಿ ಮುಚ್ಚಿದಾಗಲೂ ಮೀಟರ್ ಓಡಬೇಕು. ಫ್ಲಶ್ ಟ್ಯಾಂಕಿನ ವಾಲ್ವ್ ಕೂಡ ಮುಚ್ಚಿ, ಮೀಟರಿನ ಕೊನೆಯ ಅಂಕಿ ಬರೆದಿಟ್ಟು ಎರಡು ಗಂಟೆ ನೀರು ಮುಟ್ಟಬೇಡಿ. ನೀರು ಮೇಲಿನ ಟ್ಯಾಂಕಿನಿಂದ ಬರುವುದಾದರೆ, ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಬಚ್ಚಲಿನ ನೀರು ಹೊರಹೋಗುವ ಪೈಪ್ ಸೋರಿದರೆ ಮಾತ್ರ ಇದರಲ್ಲಿ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ಪರೀಕ್ಷೆ: ಕಲೆಯ ಮೇಲಿನ ಉದುರುವ ಪುಡಿ ಕೆರೆದು, ಒರೆಸಿ, ಎರಡಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. 48 ಗಂಟೆಯ ನಂತರ ಹಾಳೆಯ ಗೋಡೆ ಕಡೆ ಹನಿ ಇದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆ ಇದ್ದರೆ ಅದು ಒಳಗಿನ ಗಾಳಿಯ ತೇವ. ಆಗ ಮೂವರ ಸಲಹೆಯೂ ಬೇಡ, ಗಾಳಿಯಾಡುವಂತೆ ಮಾಡಬೇಕು. ಟೇಪ್ ಒಂದು ಕಡೆ ಬಿಟ್ಟುಕೊಂಡಿದ್ದರೂ ಫಲಿತಾಂಶ ನಂಬಬೇಡಿ.

ಭಾವನಿಗೆ ಇದರಲ್ಲಿ ಲಾಭವಿಲ್ಲ, ನಿಜ. ಆದರೆ ಅವರು ಕಂಡಿರುವುದು ಬಹುಶಃ ತಮ್ಮದೊಂದೇ ಮನೆ. ಮಳೆ ಬಂದ ದಿನ ಮತ್ತು ಕಲೆ ಹಿಗ್ಗಿದ ದಿನ ಎರಡನ್ನೂ ಬರೆದಿಡಿ. ಒಂದರ ಹಿಂದೆ ಒಂದು ಬರುತ್ತಿದ್ದರೆ ಅವರ ಮಾತಿಗೆ ಬಲ ಬರುತ್ತದೆ. ಅವರ ಸ್ನೇಹಿತರೂ ಅದನ್ನೇ ಹೇಳಿದರೆ, ಭಾವನ ಬಾಯಿಂದ ಕೇಳಿ ಹೇಳಿದರೋ ತಾವೇ ನೋಡಿ ಹೇಳಿದರೋ ವಿಚಾರಿಸಿ. ಕೇಳಿ ಹೇಳಿದ್ದಾದರೆ ಎರಡನ್ನೂ ಸೇರಿಸಿ ಒಂದೇ ಮಾತೆಂದು ಎಣಿಸಿ.

ಕೆಲಸ ಮಾಡುವವರೇ ಸಲಹೆ ಕೊಟ್ಟರೆಂದು ತಳ್ಳಿಹಾಕಬೇಕಿಲ್ಲ. ಆದರೂ ಗೋಡೆ ಒಡೆಯುವ ಮುನ್ನ, ಆ ಕೆಲಸ ಹಿಡಿಯದ ಒಬ್ಬರಿಗೆ ನೋಡಿದ್ದಕ್ಕಷ್ಟೇ ಹಣ ಕೊಟ್ಟು ಅಭಿಪ್ರಾಯ ಪಡೆಯಿರಿ. ಬಣ್ಣ ಕೊನೆಗಿರಲಿ. ಒಣಗದ ಗೋಡೆಗೆ ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಗುಳ್ಳೆ ಏಳುತ್ತದೆ, ಕಲೆ ಎಲ್ಲಿಂದ ಶುರುವಾಯಿತು ಎಂಬ ಗುರುತೂ ಅದರಡಿ ಮುಚ್ಚಿಹೋಗುತ್ತದೆ.

– ಸಂಪಾದಕರು