ಗೆಣಸಿನ ಬಳ್ಳಿ ಸೊಂಪಾಗಿ ಹಬ್ಬಿತು, ಅಗೆದರೆ ಬೆರಳು ಗಾತ್ರದ ಬೇರು, ಬೇಯಿಸಿದರೆ ಸಪ್ಪೆ. ತಪ್ಪು ತಳಿಯದೇ?

ಮೊಳೆತ ಗೆಣಸೊಂದನ್ನು ಇಡಿಯಾಗಿ ಕುಂಡದಲ್ಲಿ ಹೂತು, ತಿಂಗಳಿಗೊಮ್ಮೆ ಗೊಬ್ಬರ ಕೊಟ್ಟು, ಐದು ತಿಂಗಳು ಕಾದು ಅಗೆದಿದ್ದೀರಿ. ಸಿಕ್ಕ ಎರಡು ಮೂರು ಗೆಡ್ಡೆಗಳನ್ನು ಅಂದೇ ಕುಕ್ಕರಿನಲ್ಲಿ ಬೇಯಿಸಿ ತಿಂದರೆ ಸಿಹಿಯೇ ಇಲ್ಲ, ತಳಿಯೇ ಸರಿಯಿಲ್ಲವೇನೋ ಎಂಬುದು ನಿಮ್ಮ ಅನುಮಾನ. ಎಷ್ಟೋ ವರ್ಷಗಳಿಂದ ಮನೆಯಲ್ಲೇ ಗೆಣಸು ಬೆಳೆದು ತಿನ್ನುತ್ತಿರುವವಳಾಗಿ ಹೇಳುತ್ತೇನೆ, ತಳಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಗೆಡ್ಡೆ ದಪ್ಪವಾಗುವುದೋ ಇಲ್ಲವೋ ಎಂಬುದು ನೆಟ್ಟ ಮೊದಲ ಕೆಲವು ವಾರಗಳಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಸಿಹಿ ಬರುವುದು ಮಾತ್ರ ಅಗೆದ ಮೇಲೆ.

ಗೆಣಸನ್ನು ಆಲೂಗಡ್ಡೆಯಂತೆ ನೋಡಿಕೊಳ್ಳುವವರೇ ಹೆಚ್ಚು. ಎರಡಕ್ಕೂ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ. ಆಲೂಗಡ್ಡೆ ಮಣ್ಣೊಳಗೆ ಉಬ್ಬಿದ ಕಾಂಡ, ಗೆಣಸು ಉಬ್ಬಿದ ಬೇರು. ಆದ್ದರಿಂದ ಗೆಣಸನ್ನು ತುಂಡು ಮಾಡಿ ಬಿತ್ತುವುದಕ್ಕಿಂತ, ಇಡಿಯಾಗಿ ಹೂಳುವುದಕ್ಕಿಂತ, ಬಳ್ಳಿಯ ತುಂಡನ್ನು ನೆಡುವುದೇ ಸರಿ. ಇಡೀ ಗೆಣಸನ್ನು ಹೂತರೆ ಮೊಳಕೆಗಳೆಲ್ಲ ಒಂದೇ ಕಡೆ ಗುಂಪಾಗಿ ಎದ್ದು ಬೇರುಗಳಿಗೆ ಜಾಗವೇ ಉಳಿಯುವುದಿಲ್ಲ. ಮೊಳೆತ ಗೆಣಸನ್ನು ತೇವದ ಮರಳಿನಲ್ಲಿ ಅರ್ಧ ಮುಚ್ಚಿ ಬೆಚ್ಚಗಿನ ಜಾಗದಲ್ಲಿಡಿ. ಬಳ್ಳಿ ಒಂದು ಗೇಣು ದಾಟಿದ ಮೇಲೆ 25ರಿಂದ 30 ಸೆಂಟಿಮೀಟರ್ ಉದ್ದದ ತುದಿಗಳನ್ನು ಕತ್ತರಿಸಿಕೊಳ್ಳಿ. ಕೆಳಗಿನ ಎಲೆಗಳನ್ನು ತೆಗೆದು, ಮೂರು ನಾಲ್ಕು ಗಿಣ್ಣುಗಳು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಬೇರು ಒಡೆಯುವುದು ಆ ಗಿಣ್ಣುಗಳಿಂದಲೇ.

ಇನ್ನು ಮಣ್ಣು. ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತು ಇದೇ. ನೆಟ್ಟ ಮೊದಲ ಆರೇಳು ವಾರಗಳಲ್ಲಿ ಎಳೆ ಬೇರುಗಳ ಪೈಕಿ ಕೆಲವು ಗೆಡ್ಡೆಯಾಗುವ ದಾರಿ ಹಿಡಿಯುತ್ತವೆ, ಉಳಿದವು ನಾರುಗಟ್ಟುತ್ತವೆ. ಆ ಹೊತ್ತಿಗೆ ಮಣ್ಣು ಗಟ್ಟಿಯಾಗಿದ್ದರೆ, ನೀರು ನಿಂತಿದ್ದರೆ ಅಥವಾ ಪೂರ್ತಿ ಒಣಗಿದ್ದರೆ ಬೇರು ಗಟ್ಟಿಯಾಗಿ ಪೆನ್ಸಿಲ್ ಗಾತ್ರದಲ್ಲೇ ನಿಂತುಬಿಡುತ್ತದೆ. ಆಮೇಲೆ ಎಷ್ಟು ಆರೈಕೆ ಮಾಡಿದರೂ ಅಂಥ ಬೇರು ಊದುವುದಿಲ್ಲ. ನಿಮ್ಮ ಕುಂಡದಲ್ಲಿ ಸಿಕ್ಕವು ಹೆಚ್ಚಾಗಿ ಇವೇ. ಹಾಗಾಗಿ ಮರಳು ಬೆರೆತ ಸಡಿಲ ಮಣ್ಣು ಬೇಕು, ನೀರು ಸರಾಗವಾಗಿ ಬಸಿದುಹೋಗಬೇಕು. ನೆಲದಲ್ಲಾದರೆ ಒಂದಡಿ ಎತ್ತರದ ಏರು ಮಾಡಿ, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಡಿ. ಕುಂಡವೋ ಚೀಲವೋ ಆದರೆ ಸುಮಾರು 40 ಲೀಟರ್ ಹಿಡಿಯುವಷ್ಟಿರಲಿ, ಅದಕ್ಕೆ ಒಂದೋ ಎರಡೋ ಬಳ್ಳಿ ಸಾಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಲೇಬೇಕು.

ಗೊಬ್ಬರದ ವಿಚಾರದಲ್ಲಿ ಕೈ ಬಿಗಿ ಹಿಡಿಯಿರಿ. ಸಾರಜನಕ ಹೆಚ್ಚಾದರೆ ಗಿಡ ತನ್ನ ಶಕ್ತಿಯನ್ನೆಲ್ಲ ಎಲೆ, ಬಳ್ಳಿಗೇ ಸುರಿಯುತ್ತದೆ. ನೋಡುವವರ ಕಣ್ಣಿಗೆ ಹಬ್ಬ, ಮಣ್ಣೊಳಗೆ ಏನೂ ಇಲ್ಲ. ನೆಡುವಾಗ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದರೆ ಸಾಕು. ಗೆಡ್ಡೆಗೆ ಬೇಕಾದ್ದು ಪೊಟ್ಯಾಷ್. ಒಲೆಯ ಬೂದಿ ಇದ್ದರೆ ಒಂದೆರಡು ಹಿಡಿ ಸೇರಿಸಬಹುದು, ಅದಕ್ಕಿಂತ ಹೆಚ್ಚು ಬೇಡ, ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಗೆಣಸಿಗೆ ಇಷ್ಟವಾಗುವುದು ತುಸು ಹುಳಿ ಮಣ್ಣು. ನೆಲದ ಮೇಲೆ ಹರಡಿದ ಬಳ್ಳಿ ಅಲ್ಲಲ್ಲಿ ಬೇರು ಬಿಡುತ್ತಿದ್ದರೆ ಆಗಾಗ ಎತ್ತಿ ಬಿಡಿಸಿ.

ಗೆಡ್ಡೆ ಊದುತ್ತಾ ಬಂದಂತೆ ಮಣ್ಣು ಬಿರುಕು ಬಿಡುತ್ತದೆ. ಖುಷಿಪಡಿ, ಆದರೆ ಆ ಬಿರುಕನ್ನು ಕೂಡಲೇ ಮಣ್ಣೆಳೆದು ಮುಚ್ಚಿ. ಗೆಣಸಿನ ಮೂತಿಹುಳು ಒಳಗಿಳಿಯುವುದು ಅಲ್ಲಿಂದಲೇ. ಅದರ ಮರಿ ಕೊರೆದ ಗೆಡ್ಡೆ ಕಹಿಯಾಗುತ್ತದೆ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ದೇಹಕ್ಕೂ ಒಳ್ಳೆಯದಲ್ಲ. ಅಂಥದ್ದನ್ನು ತಿನ್ನಬೇಡಿ, ದನಕರುಗಳಿಗೂ ಹಾಕಬೇಡಿ.

ತಳಿಗೆ ತಕ್ಕಂತೆ ಮೂರೂವರೆಯಿಂದ ಐದು ತಿಂಗಳಿಗೆ ಬೆಳೆ ಬರುತ್ತದೆ. ಬುಡದ ಎಲೆಗಳು ಹಳದಿಯಾಗತೊಡಗಿದಾಗ ಒಂದು ಕಡೆ ಮಣ್ಣು ಸರಿಸಿ ಗಾತ್ರ ನೋಡಿ. ಅಗೆಯುವುದಕ್ಕೆ ಎರಡು ವಾರ ಮೊದಲೇ ನೀರು ನಿಲ್ಲಿಸಿಬಿಡಿ.

ಈಗ ಸಪ್ಪೆಯ ವಿಷಯ. ಆಗಷ್ಟೇ ಅಗೆದ ಗೆಣಸಿನ ತುಂಬ ಪಿಷ್ಟ, ಸಕ್ಕರೆ ಕಡಿಮೆ. ಅದರ ಸಿಪ್ಪೆಯೂ ತೆಳು, ಉಗುರು ತಾಗಿದರೆ ಸುಲಿಯುತ್ತದೆ. ಅದಕ್ಕೆ ಹದವಾಗಲು ಸಮಯ ಕೊಡಬೇಕು. ತೊಳೆಯಬೇಡಿ, ಮಣ್ಣು ಉದುರಿಸಿದರೆ ಸಾಕು. ದೊಡ್ಡ ಪ್ರಮಾಣದಲ್ಲಿ ಮಾಡುವವರು ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ, 85ರಿಂದ 90 ಶೇಕಡಾ ತೇವಾಂಶದಲ್ಲಿ ನಾಲ್ಕರಿಂದ ಏಳು ದಿನ ಇಡುತ್ತಾರೆ. ಮನೆಯಲ್ಲಿ ಅಷ್ಟು ಬಿಸಿ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ಒದ್ದೆ ಬಟ್ಟೆಯೊಂದನ್ನು ಗೆಣಸಿಗೆ ತಾಗದಂತೆ ಪಕ್ಕದಲ್ಲಿಟ್ಟು, ಬೆಚ್ಚಗಿನ ಮೂಲೆಯಲ್ಲಿ ಹತ್ತು ಹದಿನೈದು ದಿನ ಬಿಡಿ. ಗಾಯಗಳು ಮಾಗುತ್ತವೆ, ಸಿಪ್ಪೆ ಬಲಿಯುತ್ತದೆ. ಆಮೇಲೆ ಗಾಳಿಯಾಡುವ, ತಂಪಾದ, ಕತ್ತಲೆ ಜಾಗದಲ್ಲಿ ಮೂರು ನಾಲ್ಕು ವಾರ ಇಟ್ಟು ತಿಂದು ನೋಡಿ, ರುಚಿಯೇ ಬೇರೆ. ಫ್ರಿಡ್ಜ್ ಮಾತ್ರ ಖಂಡಿತ ಬೇಡ. 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಹಸಿ ಗೆಣಸು ಕೆಡುತ್ತದೆ, ನಡುಭಾಗ ಎಷ್ಟು ಬೇಯಿಸಿದರೂ ಗಟ್ಟಿಯಾಗೇ ಉಳಿಯುತ್ತದೆ.

ಬೇಯಿಸುವುದರಲ್ಲೂ ಆತುರ ಬೇಡ. ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವ ಕಿಣ್ವವೊಂದು ಗೆಣಸಿನಲ್ಲೇ ಇದೆ. ಪಿಷ್ಟ ಬಿಸಿಗೆ ಅರಳಿದ ಮೇಲಷ್ಟೇ ಅದಕ್ಕೆ ಕೆಲಸ ಸಿಗುವುದು, ಬಿಸಿ 80 ಡಿಗ್ರಿಯ ಆಸುಪಾಸು ದಾಟಿದರೆ ಕಿಣ್ವವೇ ಸಾಯುತ್ತದೆ. ಅಂದರೆ 60ರಿಂದ 80 ಡಿಗ್ರಿಯ ನಡುವೆ ಗೆಣಸು ಎಷ್ಟು ಹೊತ್ತು ಇರುತ್ತದೋ ಅಷ್ಟು ಸಿಹಿ. ಕುಕ್ಕರ್ ಮತ್ತು ಮೈಕ್ರೋವೇವ್ ಆ ಹಂತವನ್ನು ಬೇಗ ದಾಟಿಬಿಡುತ್ತವೆ. ಬದಲಿಗೆ ಇಡೀ ಗೆಣಸನ್ನು ಸಿಪ್ಪೆ ಸಮೇತ ತಣ್ಣಗಿರುವ ಓವನ್ನಿಗೇ ಇಟ್ಟು, 180 ಡಿಗ್ರಿಗೆ ತಿರುಗಿಸಿ, ಗಾತ್ರ ನೋಡಿಕೊಂಡು ಒಂದರಿಂದ ಒಂದೂವರೆ ಗಂಟೆ ಬಿಡಿ. ಸಿಪ್ಪೆಯ ಸಂದಿಯಿಂದ ಅಂಟಾದ ಪಾಕ ಜಿನುಗಿದರೆ ಬೆಂದಿದೆ ಎಂದೇ ಲೆಕ್ಕ. ಓವನ್ ಇಲ್ಲವೇ? ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ತಿರುಗಿಸುತ್ತಾ ಸುಡಬಹುದು. ನೀರಲ್ಲೇ ಬೇಯಿಸುವುದಾದರೆ ತಣ್ಣೀರಿಗೆ ಹಾಕಿ ನಿಧಾನವಾಗಿ ಕಾಯಿಸಿ. ರಕ್ತದ ಸಕ್ಕರೆ ನೋಡಿಕೊಳ್ಳಬೇಕಾದವರಿಗೆ ಮಾತ್ರ ಸುಟ್ಟದ್ದಕ್ಕಿಂತ ನೀರಲ್ಲಿ ಬೇಯಿಸಿದ್ದೇ ವಾಸಿ, ಅದೂ ಮಿತವಾಗಿ.

ತಳಿಯ ಮಾತು ಬರುವುದು ಇಲ್ಲಿ. ಬಿಳಿ ತಿರುಳಿನವು ಸಾಮಾನ್ಯವಾಗಿ ಹುಡಿಹುಡಿಯಾಗಿ ಬೇಯುತ್ತವೆ, ಹೆಚ್ಚಿ ಬಾಣಲೆಯಲ್ಲಿ ಗರಿಗರಿ ಮಾಡಲು ಒಳ್ಳೆಯವು. ಕಿತ್ತಳೆ ತಿರುಳಿನವು ಮೆತ್ತಗೆ, ರಸಭರಿತ. ಅವುಗಳಲ್ಲಿ ಬೀಟಾ ಕ್ಯಾರೊಟಿನ್ ಧಾರಾಳ, ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಜೊತೆಗಿದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಕ್ಕಳಿರುವ ಮನೆಯಾದರೆ ನಾನು ಇದನ್ನೇ ಬೆಳೆಯಿರಿ ಎನ್ನುತ್ತೇನೆ. ಆಫ್ರಿಕಾದಲ್ಲಿ ಕಿತ್ತಳೆ ಗೆಣಸನ್ನು ಬೆಳೆಸಿ ಹರಡಿದ ಮರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ, ಜ್ಯಾನ್ ಲೋ ಅವರು 2016ರ ವಿಶ್ವ ಆಹಾರ ಪ್ರಶಸ್ತಿಯನ್ನು ಹಂಚಿಕೊಂಡದ್ದು ಈ ಕಾರಣಕ್ಕೇ.

ನಿಮ್ಮ ಬಳ್ಳಿಯನ್ನು ಕಿತ್ತೆಸೆಯದಿದ್ದರೆ ಅದರ ಎಳೆ ಕುಡಿಗಳನ್ನು ಸೊಪ್ಪಿನಂತೆ ಬೇಯಿಸಿ ತಿನ್ನಬಹುದು. ಬಲಿತ, ಹುಳು ಬೀಳದ ತುದಿಗಳನ್ನು ಕತ್ತರಿಸಿ, ಹೊಸ ಸಡಿಲ ಮಣ್ಣು ತುಂಬಿದ ಬೇರೆ ಕುಂಡದಲ್ಲಿ ಈ ವಾರವೇ ನೆಡಿ. ಮುಂದಿನ ನಾಲ್ಕೈದು ತಿಂಗಳು ಬಿಸಿಲು ಮತ್ತು ಬೆಚ್ಚನೆಯ ಹವೆ ಇರುವಂತೆ ಮಾತ್ರ ನೋಡಿಕೊಳ್ಳಿ.