ಕಿಟ್ ಲೆನ್ಸಿನಲ್ಲೇ ಚೆಂದದ ಮುಖ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆಯ ಡಿಎಸ್‌ಎಲ್‌ಆರ್ ಇದೆ, ಅದರ ಜೊತೆ ಬಂದ 18–55 ಲೆನ್ಸ್ ಬಿಟ್ಟರೆ ಬೇರೆ ಇಲ್ಲ. ಉಣಕಲ್ ಕೆರೆ ದಂಡೆಯಲ್ಲಿ ತಂಗಿಯ ಫೋಟೊ ತೆಗೆದರೆ ಹಿಂದಿನ ಕಂಬಿ, ಗಿಡ ಎಲ್ಲವೂ ಅಷ್ಟೇ ಸ್ಪಷ್ಟ. ಎಫ್ 3.5 ಇಟ್ಟರೂ ಬ್ಲರ್ ಆಗುವುದಿಲ್ಲ. 50 ಎಂಎಂ ಲೆನ್ಸ್ ಕೊಳ್ಳಲೇಬೇಕೇ? (ಹುಬ್ಬಳ್ಳಿ)

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಲೆನ್ಸಿನಲ್ಲಿ 3.5 ಸಿಗುವುದು ಜೂಮ್ 18ರಲ್ಲಿದ್ದಾಗ ಮಾತ್ರ. ತೊಂದರೆ ಇರುವುದು ಅಲ್ಲೇ. ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದು ಬರೀ ಎಫ್ ನಂಬರಿನ ಮಾತಲ್ಲ, ಬೆಳಕು ಒಳಬರುವ ಕಿಂಡಿ ಎಷ್ಟು ಅಗಲ ಎಂಬುದರ ಮಾತು. ಆ ಅಗಲ ತಿಳಿಯಲು 18ನ್ನು 3.5ರಿಂದ ಭಾಗಿಸಿ: 5 ಮಿ.ಮೀ. 55ನ್ನು 5.6ರಿಂದ ಭಾಗಿಸಿ: ಸುಮಾರು 10 ಮಿ.ಮೀ. ನಂಬರ್ ಹೆಚ್ಚಾಯಿತೆಂದು ಹೆದರಬೇಡಿ, ಕಿಂಡಿ ಎರಡರಷ್ಟಾಗಿದೆ. 18ರಲ್ಲೇ ಮುಖ ತುಂಬಿಸಲು ಹೋದರೆ ಕ್ಯಾಮೆರಾವನ್ನು ಎರಡು ಅಡಿಗಿಂತಲೂ ಹತ್ತಿರ ಒಯ್ಯಬೇಕು. ಆಗ ಮೂಗು ದಪ್ಪ, ಕಿವಿ ಸಣ್ಣದು. ಆ ಫೋಟೊ ನಿಮ್ಮ ತಂಗಿಗಂತೂ ಹಿಡಿಸುವುದಿಲ್ಲ.

ಜೂಮ್ ಪೂರ್ತಿ 55ಕ್ಕೆ ತಿರುಗಿಸಿ. ಮೋಡ್ ಡಯಲ್ 'ಎ' (ಕಿಂಡಿಯನ್ನು ನೀವೇ ಆರಿಸುವ ಮೋಡ್; ಕ್ಯಾನನ್‌ನಲ್ಲಿ 'ಎವಿ'), ಎಫ್ 5.6. ಕ್ಯಾಮೆರಾವನ್ನು ನಿಲುವಾಗಿ ಹಿಡಿದು 2 ಮೀಟರ್ ದೂರ ನಿಂತರೆ ತಲೆಯಿಂದ ಸೊಂಟದವರೆಗೆ ಚೌಕಟ್ಟು ತುಂಬುತ್ತದೆ. ಇನ್ನು ಮುಖ್ಯವಾದದ್ದು: ಕಂಬಿಗೆ ಒರಗಿಸಿ ನಿಲ್ಲಿಸಬೇಡಿ. ಬೆನ್ನ ಹಿಂದೆ ಅರ್ಧ ಮೀಟರಿಗೇ ಕಂಬಿ ಇದ್ದರೆ ಅದರ ಒಂದೊಂದು ಬಿಂದುವೂ ಮುಖದ ಪಕ್ಕ ಸ್ಕೇಲಿಟ್ಟು ಅಳೆದಂತೆ ಬರೀ 2 ಮಿ.ಮೀ. ಹರಡುತ್ತದೆ, ಅಂದರೆ ಕಂಬಿ ಕಂಬಿಯಾಗಿಯೇ ಕಾಣುತ್ತದೆ. ಹಿನ್ನೆಲೆ 10 ಮೀಟರ್ ದೂರ ಹೋದರೆ ಅದೇ ಬಿಂದು 8 ಮಿ.ಮೀ. ಆಗುತ್ತದೆ. ಅಲ್ಲಿಂದ ಮುಂದೆ ಆಚೆ ದಂಡೆಯೇ ಇದ್ದರೂ 10 ಮಿ.ಮೀ. ದಾಟುವುದಿಲ್ಲ. ಇನ್ನೂ ಮಸುಕು ಬೇಕೆಂದರೆ ಹಿನ್ನೆಲೆಯನ್ನು ದೂರ ಮಾಡುವ ಬದಲು ನೀವೇ ಒಂದು ಹೆಜ್ಜೆ ಮುಂದೆ ಬನ್ನಿ.

ಫೋಕಸ್ ಪಾಯಿಂಟ್ ಒಂದನ್ನೇ ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ. ಈ ಅಳತೆಯಲ್ಲಿ ಸುಮಾರು 30 ಸೆಂ.ಮೀ. ಆಳದವರೆಗೆ ಚೂಪಾಗಿರುತ್ತದೆ, ತಪ್ಪಿದರೂ ಸುಧಾರಿಸಿಕೊಳ್ಳಬಹುದು. 50 ಎಂಎಂ ಲೆನ್ಸನ್ನು 1.8ಕ್ಕೆ ತೆರೆದು ಒಂದೂವರೆ ಮೀಟರಿನಿಂದ ತೆಗೆದರೆ ಸಿಗುವುದು 6 ಸೆಂ.ಮೀ. ಚಿಲ್ಲರೆ ಮಾತ್ರ, ಒಂದು ಕಣ್ಣು ಚೂಪು, ಒಂದು ಮಸುಕು ಎಂಬ ಹೊಸ ದೂರು ಶುರುವಾಗುತ್ತದೆ. ಕಣ್ಣಿಗೆ ಫೋಕಸ್ ಹಿಡಿಯುವುದು ರೂಢಿಯಾದ ಮೇಲೆ ಕೊಳ್ಳಿ.

ಪ್ರಶ್ನೆ: ಹೊಲದಾಗ ಅಪ್ಪನ ಫೋಟೊ ತಗದ್ರ ಕಣ್ಣ ಕಾಣಂಗಿಲ್ಲ, ಬರೇ ಕರೀ ಗುಂಡಿ. ರುಮಾಲು ಮಾತ್ರ ಬೆಳ್ಳಗ ಸುಟ್ಟಂಗ ಬರತೈತಿ. ಮಧ್ಯಾಹ್ನ ಬಿಟ್ರ ಅಪ್ಪ ಕೈಗೆ ಸಿಗಂಗಿಲ್ಲ. ಫ್ಲ್ಯಾಶ್ ಹಾಕ್ಲೇನ್ರಿ? (ಗದಗ ಜಿಲ್ಲೆ)

ಉತ್ತರ: ಕ್ಯಾಮೆರಾದ ತಲೆಯ ಮೇಲೇಳುವ ಪುಟ್ಟ ಫ್ಲ್ಯಾಶನ್ನು ಬಯಲು ಬಿಸಿಲಲ್ಲಿ ನಂಬಬೇಡಿ. ಫ್ಲ್ಯಾಶ್ ಹಾಕಿದರೆ ಶಟರ್ ಸಾಮಾನ್ಯವಾಗಿ 1/200 ಸೆಕೆಂಡಿನ ವೇಗ ದಾಟುವುದಿಲ್ಲ. ಆ ವೇಗಕ್ಕೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲಿ, ಸುಡುಬಿಸಿಲಿಗೆ ಎಫ್ 11 ಬೇಕು. ಎಫ್ 11ರಲ್ಲಿ ಆ ಫ್ಲ್ಯಾಶಿನ ಬೆಳಕು ಮುಟ್ಟುವುದು ಹೆಚ್ಚೂಕಡಿಮೆ ಒಂದು ಮೀಟರ್. ನೀವು ಎರಡು ಮೀಟರಿನಲ್ಲಿದ್ದರೆ ಅಪ್ಪನ ಕಣ್ಣಿಗೆ ತಲುಪುವುದು ಅದರ ಕಾಲು ಭಾಗದಷ್ಟೇ.

ಮಧ್ಯಾಹ್ನ ಸೂರ್ಯ ಮೇಲಿನಿಂದ ಹೊಡೆಯುತ್ತಾನೆ, ಹುಬ್ಬಿನ ನೆರಳು ಕಣ್ಣಿಗೆ ಬೀಳುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಂತೂ ನಮ್ಮ ಕಡೆ ಹನ್ನೆರಡೂವರೆಯ ಸುಮಾರಿಗೆ ನೇರ ನೆತ್ತಿಯ ಮೇಲೆಯೇ ಇರುತ್ತಾನೆ. ಸುಣ್ಣದ ಅಂಗಳವೋ ಮರಳೋ ಆಗಿದ್ದರೆ ನೆಲದಿಂದ ಒಂದಿಷ್ಟು ಬೆಳಕು ಚಿಮ್ಮಿ ಆ ನೆರಳನ್ನು ತುಂಬುತ್ತಿತ್ತು. ಎರೆ ಭೂಮಿ ಬೆಳಕನ್ನು ನುಂಗಿಬಿಡುತ್ತದೆ. ನಿಮ್ಮ ಫೋಟೊದ ಕಪ್ಪುಗುಂಡಿಗೆ ಅರ್ಧ ಕಾರಣ ಆ ಮಣ್ಣೇ.

ಬಾಂದಿನ ಬೇವಿನ ಮರದ ನೆರಳಿಗೆ ಕರೆಯಿರಿ, ಆದರೆ ಬುಡಕ್ಕಲ್ಲ. ಬುಡದಲ್ಲಿ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆ ಮುಖದ ಮೇಲೆ ಬೀಳುತ್ತವೆ, ಎಲೆಯ ಹಸಿರೂ ಚರ್ಮಕ್ಕೆ ಹತ್ತುತ್ತದೆ. ನೆರಳಿನ ಅಂಚಿನಿಂದ ಒಂದು ಹೆಜ್ಜೆ ಒಳಗೆ, ಮುಖ ಬಯಲಿನ ಕಡೆ. ಒಗೆದ ಬಿಳಿ ಧೋತ್ರವೊಂದನ್ನು ಅವರ ಕಾಲ ಮುಂದೆ, ಬಿಸಿಲು ಬೀಳುವ ಜಾಗದಲ್ಲಿ ಹಾಸಿ. ಇಬ್ಬರಿದ್ದರೆ ಥರ್ಮಾಕೋಲ್ ಹಾಳೆ ಇನ್ನೂ ಒಳ್ಳೆಯದು: ಎದೆಯ ಮಟ್ಟಕ್ಕಿಂತ ಕೆಳಗೆ, ಒಂದು ಮೀಟರ್ ಅಂತರದಲ್ಲಿ ಓರೆಯಾಗಿ ಹಿಡಿಯಲಿ. ಕಣ್ಣಲ್ಲಿ ಬಿಳಿ ಮಿಂಚು ಕಂಡರೆ ಕೋನ ಸರಿ ಇದೆ ಎಂದರ್ಥ. ತೀರಾ ಕೆಳಗಿಂದ ಹಿಡಿದರೆ ನಾಟಕದ ರಾಕ್ಷಸನ ಮುಖ ಬರುತ್ತದೆ.

ಮರವೇ ಇಲ್ಲದಿದ್ದರೆ ಸೂರ್ಯ ಸ್ವಲ್ಪವಾದರೂ ವಾಲಿರುವ ಕಡೆಗೆ ಅವರ ಬೆನ್ನು ತಿರುಗಿಸಿ, ಮುಖದ ಮೇಲಿನ ಬೆಳಕನ್ನು ಅಳೆದು ತೆಗೆಯಿರಿ. ರುಮಾಲು ಸುಡದಿರಲು ಕ್ಯಾಮೆರಾದ ಹೈಲೈಟ್ ಎಚ್ಚರಿಕೆ (ಅತಿ ಬೆಳ್ಳಗಾದ ಜಾಗವನ್ನು ಪರದೆಯಲ್ಲಿ ಮಿಟುಕಿಸಿ ತೋರಿಸುವುದು) ಆನ್ ಮಾಡಿ; ರುಮಾಲು ಮಿಟುಕಿದರೆ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) –0.7ಕ್ಕೆ ಇಳಿಸಿ. ಮುಖವನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟ ಬಿಳಿಯಲ್ಲಿ ನೂಲಿನ ನೆರಿಗೆ ಮತ್ತೆ ಬರುವುದಿಲ್ಲ.

ಪ್ರಶ್ನೆ: ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಫೋಟೊ ತೆಗೆದರೆ ಗದ್ದವೆಲ್ಲ ಕೆಂಪು. ವೈಟ್ ಬ್ಯಾಲೆನ್ಸ್ ಬದಲಿಸಿದರೆ ಹಣೆ ನೀಲಿಯಾಗುತ್ತದೆ. (ಬ್ಯಾಡಗಿ)

ಉತ್ತರ: ಅದು ಕಾಯಿಯ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿದ್ದು. ಗದ್ದ, ಮೂಗಿನ ಕೆಳಭಾಗಕ್ಕಷ್ಟೇ ತಾಗುತ್ತದೆ. ವೈಟ್ ಬ್ಯಾಲೆನ್ಸ್ ಇಡೀ ಚಿತ್ರದ ಬಣ್ಣವನ್ನು ಹೊರಳಿಸುವುದರಿಂದ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಅವರನ್ನು ರಾಶಿಯ ನಡುವೆ ಕೂರಿಸದೆ ರಾಶಿಗಿಂತ ಮೂರು ಮೀಟರ್ ಮುಂದೆ ನಿಲ್ಲಿಸಿ, ಕೆಂಪು ಹಿನ್ನೆಲೆಯಲ್ಲಿ ಹಾಗೇ ಇರುತ್ತದೆ. ನಡುವೆಯೇ ಬೇಕೆಂದರೆ ಚೌಕಟ್ಟಿನ ಹೊರಗೆ, ಮುಂದಿನ ಕಾಯಿಯ ಮೇಲೆ ಬಿಳಿ ಬಟ್ಟೆ ಮುಚ್ಚಿ. ಕ್ಯಾಮೆರಾದ ಬಣ್ಣದ ಶೈಲಿ 'ವಿವಿಡ್' ಇದ್ದರೆ 'ನ್ಯೂಟ್ರಲ್' ಮಾಡಿ. ಇಲ್ಲವಾದರೆ ಕಾಯಿಯ ಸುಕ್ಕು ಕಾಣದೆ ಬರೀ ಕೆಂಪು ಬಣ್ಣ ಬಳಿದಂತಾಗುತ್ತದೆ. ಸಾಧ್ಯವಾದರೆ ರಾ ಫೈಲಿನಲ್ಲೇ (ಬಣ್ಣವನ್ನು ಆಮೇಲೆ ತಿದ್ದಲು ಅನುವಾಗುವ ಕಚ್ಚಾ ಫೈಲ್) ತೆಗೆಯಿರಿ.

ಪ್ರಶ್ನೆ: ಲಕ್ಕುಂಡಿಯ ಗುಡಿಗಳ ಮುಂದೆ ತೆಗೆದ ಫೋಟೊಗಳಲ್ಲಿ ಮುಖ ಬಿಳಚಿಕೊಳ್ಳುತ್ತದೆ, ಏಕೆ? (ಧಾರವಾಡ)

ಉತ್ತರ: ಅಲ್ಲಿನ ಬಳಪದ ಕಲ್ಲು ಕಪ್ಪು. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಕಂಡರೆ ಕ್ಯಾಮೆರಾ ಬೆಳಕು ಸಾಲದೆಂದು ಹೆಚ್ಚಿಸುತ್ತದೆ, ಮುಖ ಬಲಿಯಾಗುತ್ತದೆ. ಕಾಂಪನ್ಸೇಶನ್ –0.7ರಿಂದ –1ಕ್ಕೆ ಇಡಿ, ಗುಡಿಯಿಂದ ಹೊರಬಂದ ಮೇಲೆ ಮರೆಯದೆ ಸೊನ್ನೆಗೆ ತನ್ನಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಹಾಗಾಗಿ ಒಳಗೆ ಬೆಳಕು ಕಡಿಮೆಯಾದರೆ ಐಎಸ್‌ಒ 800ಕ್ಕೆ ಏರಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ, ಶಟರ್ 1/100ಕ್ಕಿಂತ ಕೆಳಗಿಳಿಸಬೇಡಿ.